ಗ್ಲಾಸ್ ಇಳಿಯದಿದ್ದರೆ ಮೋಟರನ್ನೇ ದೂರಬೇಡಿ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ‘ಪವರ್ ವಿಂಡೋ ಮೋಟರ್ ಕೊಡಿ’ ಎಂದು ಕೇಳಿದರೆ ಮೋಟರು ಬರುವುದಕ್ಕೆ ಮೊದಲು ಪ್ರಶ್ನೆಗಳು ಬರುತ್ತವೆ. ‘ಯಾವ ಗಾಡಿ ಸರ್? ಯಾವ ವರ್ಷದ್ದು? ಫ್ರಂಟಾ, ಬ್ಯಾಕಾ? ಡ್ರೈವರ್ ಸೈಡಾ, ಲೆಫ್ಟಾ? ಎರಡು ಪಿನ್ನಾ, ಆರು ಪಿನ್ನಾ? ಬರೀ ಮೋಟರ್ ಸಾಕಾ, ಮಷೀನ್ ಸಮೇತ ಬೇಕಾ?’ ಉತ್ತರ ಗೊತ್ತಿಲ್ಲದವರು ಯಾವುದೋ ಒಂದನ್ನು ಹಿಡಿದುಕೊಂಡು ಹೋಗುತ್ತಾರೆ, ಅದು ಕೂಡದೆ ಮರುದಿನ ವಾಪಸ್ಸು ತರುತ್ತಾರೆ. ಈ ಪ್ರಶ್ನೆಗಳೆಲ್ಲ ನ್ಯಾಯವಾದವೇ. ಆದರೆ ಇವೆಲ್ಲಕ್ಕಿಂತ ಮುಂಚಿನದೊಂದು ಪ್ರಶ್ನೆ ಇದೆ, ಅದನ್ನು ಕಾರಿನ ಒಡೆಯರು ಮನೆಯಲ್ಲೇ ಕೇಳಿಕೊಳ್ಳಬೇಕು: ಕೆಟ್ಟಿರುವುದು ಮೋಟರೇ ಹೌದೇ?

ಪುರಭವನದ ಮುಂದಿನಿಂದ ಮಿನರ್ವ ಸರ್ಕಲ್ಲಿನ ತನಕ ಸಾಗುವ ಜಯಚಾಮರಾಜೇಂದ್ರ ರಸ್ತೆ ನಗರದ ವಾಹನ ಬಿಡಿಭಾಗಗಳ ದೊಡ್ಡ ಪೇಟೆ. ರವೀಂದ್ರ ಕಲಾಕ್ಷೇತ್ರಕ್ಕೆ ನಾಟಕ ನೋಡಲು ಹೋಗುವವರು ಸೀಟ್ ಕವರು, ಹಾರ್ನು, ಹೆಡ್‌ಲೈಟುಗಳ ಸಾಲನ್ನು ದಾಟಿಯೇ ಹೋಗಬೇಕು. ಸಿನಿಮಾ ಮಂದಿರ ಹೋದರೂ ಮಿನರ್ವ ಎಂಬ ಹೆಸರು ಸರ್ಕಲ್ಲಿಗೆ ಉಳಿದಿದೆ. ಒಂದು ಪಕ್ಕ ಕಲಾಸಿಪಾಳ್ಯ, ಇನ್ನೊಂದು ಪಕ್ಕ ಲಾಲ್‌ಬಾಗಿನ ದಾರಿ. ಚಾಮರಾಜಪೇಟೆ, ಬಸವನಗುಡಿಯವರಿಗೆ ಇದು ಕೂಗಳತೆಯ ಜಾಗ. ಮಲ್ಲೇಶ್ವರದ ಮೆಕ್ಯಾನಿಕ್ಕುಗಳು ಸ್ಕೂಟರ್ ಏರಿ ಇಲ್ಲಿಗೇ ಬರುತ್ತಾರೆ. ವ್ಯಾಪಾರದ ಮಾತು ಕನ್ನಡ, ಉರ್ದು, ತಮಿಳು, ಹಿಂದಿಗಳ ನಡುವೆ ಸಲೀಸಾಗಿ ಓಡಾಡುತ್ತದೆ. ಎಲ್ಲ ಭಾಷೆಯಲ್ಲೂ ಬಾಗಿಲು ‘ಡೋರ್’, ಕಿಟಕಿ ‘ಗ್ಲಾಸ್’, ಗ್ಲಾಸನ್ನು ಏರಿಸಿ ಇಳಿಸುವ ಕಬ್ಬಿಣದ ಚೌಕಟ್ಟು ‘ಮಷೀನ್’.

ಹಳೆಯ ಬಡಾವಣೆಗಳ ಕಾರುಗಳಿಗೆ ಈ ರಿಪೇರಿ ಹೆಚ್ಚಾಗಿ ಬರುವುದಕ್ಕೆ ಕಾರಣ ಉಂಟು. ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. 1898ರ ಪ್ಲೇಗ್ ಮಾರಿಯ ನಂತರ ಮಲ್ಲೇಶ್ವರ, ಬಸವನಗುಡಿಗಳು ಎದ್ದವು. ಗಾಳಿ ಬೆಳಕು ಬರಲಿ, ಹಿತ್ತಲ ಗಲ್ಲಿಯಲ್ಲಿ ಚೊಕ್ಕಟ ಕೆಲಸ ನಡೆಯಲಿ ಎಂಬ ಲೆಕ್ಕಾಚಾರದಲ್ಲಿ ಗೆರೆ ಎಳೆದ ಬಡಾವಣೆಗಳಿವು. ಮನೆಗೊಂದು ಕಾರು ನಿಲ್ಲುತ್ತದೆಂದು ಆಗ ಯಾರು ಎಣಿಸಿದ್ದರು? ಹಾಗಾಗಿ ಇಂದು ಕಾರುಗಳು ಬೀದಿಯಲ್ಲಿ, ಮರದ ನೆರಳಿನಲ್ಲಿ ನಿಲ್ಲುತ್ತವೆ. ಹೊಂಗೆಯ ಹೂವು, ಒಣಗಿದ ಎಲೆಯ ಪುಡಿ, ರಸ್ತೆಯ ದೂಳು ಎಲ್ಲವೂ ಗ್ಲಾಸಿನ ಬುಡದ ರಬ್ಬರ್ ಸಂದಿಯಿಂದ ಬಾಗಿಲೊಳಕ್ಕೆ ಇಳಿಯುತ್ತವೆ. ಮಳೆ ಬಂದಾಗ ಅದೆಲ್ಲ ಕೆಸರಾಗಿ ತಳದಲ್ಲಿ ಕೂರುತ್ತದೆ. ಇಂಥ ಕಾರಿನ ಬಾಗಿಲು ಬಿಚ್ಚಿದರೆ ಕೆಳಗಿನ ಅಂಚಿನಲ್ಲಿ ಒಂದು ಹಿಡಿ ಕಪ್ಪು ಗೊಬ್ಬರ ಸಿಕ್ಕರೆ ಅಚ್ಚರಿಯಿಲ್ಲ.

ಬಾಗಿಲೊಳಗೆ ಇರುವುದು 12 ವೋಲ್ಟಿನ ಪುಟ್ಟ ಡಿ.ಸಿ. ಮೋಟರು. ಒಳಗೆ ಕಾಯಂ ಅಯಸ್ಕಾಂತ, ತಂತಿ ಸುತ್ತಿದ ಆರ್ಮೇಚರ್, ಆರ್ಮೇಚರಿಗೆ ಕರೆಂಟು ಮುಟ್ಟಿಸುವ ಎರಡು ಕಾರ್ಬನ್ ಬ್ರಷ್ಷು. ಗುಂಡಿಯನ್ನು ಒಂದು ಕಡೆ ಒತ್ತಿದರೆ ಕರೆಂಟು ಒಂದು ದಿಕ್ಕಿನಲ್ಲಿ ಹರಿಯುತ್ತದೆ, ಇನ್ನೊಂದು ಕಡೆ ಒತ್ತಿದರೆ ತಿರುಗುಮುರುಗು. ಅದಕ್ಕೆ ತಕ್ಕಂತೆ ಗ್ಲಾಸು ಏರುತ್ತದೆ, ಇಳಿಯುತ್ತದೆ. ಮೋಟರು ಬಲು ವೇಗವಾಗಿ ಸುತ್ತುತ್ತದೆ, ಆದರೆ ಗ್ಲಾಸಿಗೆ ಬೇಕಾದದ್ದು ವೇಗವಲ್ಲ, ಬಲ. ಆದ್ದರಿಂದ ಮೋಟರಿನ ತುದಿಯಲ್ಲಿ ತಿರುಪಿನಂಥ ವರ್ಮ್ ಗೇರ್ ಇದೆ. ಅದು ದೊಡ್ಡದೊಂದು ಹಲ್ಲುಚಕ್ರವನ್ನು ನಿಧಾನವಾಗಿ, ಗಟ್ಟಿಯಾಗಿ ತಿರುಗಿಸುತ್ತದೆ. ಈ ಜೋಡಣೆಯ ಇನ್ನೊಂದು ಗುಣ ಕಳ್ಳರಿಗೆ ಅಡ್ಡಿ: ತಿರುಪು ಚಕ್ರವನ್ನು ತಿರುಗಿಸಬಲ್ಲದು, ಚಕ್ರ ತಿರುಪನ್ನು ತಿರುಗಿಸಲಾರದು. ಹೊರಗಿನಿಂದ ಅಂಗೈಯಲ್ಲಿ ಎಷ್ಟು ಅದುಮಿದರೂ ಸುಸ್ಥಿತಿಯ ಗ್ಲಾಸು ಜಾರುವುದಿಲ್ಲ.

ಮೋಟರಿನ ಬಲವನ್ನು ಗ್ಲಾಸಿಗೆ ತಲುಪಿಸುವುದು ಮಷೀನು. ಹಳೆಯ ಮಾದರಿಯಲ್ಲಿ ಕತ್ತರಿಯಂತೆ ಅಡ್ಡಡ್ಡ ಹಾಯ್ದ ಎರಡು ತೋಳುಗಳಿರುತ್ತವೆ. ಈಗಿನ ಬಹಳಷ್ಟು ಕಾರುಗಳಲ್ಲಿ ಉಕ್ಕಿನ ಸಣ್ಣ ಕೇಬಲ್ಲು, ಒಂದು ಸುರುಳಿ, ಮೇಲೆ ಕೆಳಗೆ ಪ್ಲಾಸ್ಟಿಕ್ ಗಾಲಿಗಳು ಇರುತ್ತವೆ; ಬಾವಿಯ ರಾಟೆಗೆ ಹಗ್ಗ ಹಾಯಿಸಿದ ಹಾಗೆ. ಹಗುರ, ಅಗ್ಗ, ಆದರೆ ಪ್ಲಾಸ್ಟಿಕ್ ಗಾಲಿ ಬಿರಿದರೆ ಕೇಬಲ್ ಸಡಿಲವಾಗುತ್ತದೆ, ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ, ಕೊನೆಗೆ ಸುರುಳಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಕರಕರ ಸದ್ದು ಕೇಳಿ, ಟಕ್ಕೆಂದು ಗ್ಲಾಸು ಬಾಗಿಲೊಳಗೆ ಕುಸಿಯುತ್ತದೆ. ಪಾಪದ ಮೋಟರು ಆಗಲೂ ತಿರುಗುತ್ತಲೇ ಇರುತ್ತದೆ.

ಈ ಅನುಕೂಲ ಮೊದಲು ಕಾಣಿಸಿಕೊಂಡದ್ದು ಅಮೆರಿಕದ ಸಿರಿವಂತರ ಕಾರುಗಳಲ್ಲಿ. 1940ರಲ್ಲಿ ಪ್ಯಾಕಾರ್ಡ್ ಕಂಪನಿ ಎಣ್ಣೆಯ ಒತ್ತಡ ಮತ್ತು ವಿದ್ಯುತ್ತು ಎರಡೂ ಬೆರೆತ ವ್ಯವಸ್ಥೆಯನ್ನು ತಂದಿತು. ನಮ್ಮಲ್ಲಿ ಅಂಬಾಸಿಡರಿನಲ್ಲೂ, 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲೂ ಕೈಯಲ್ಲಿ ತಿರುವುವ ಹಿಡಿಯೇ ಇತ್ತು. ಈಗ ಅಗ್ಗದ ಕಾರಿನಲ್ಲೂ ಮುಂದಿನ ಎರಡು ಬಾಗಿಲಿಗೆ ಗುಂಡಿ ಬಂದಿರುವುದು ಸಾಮಾನ್ಯ.

ಇನ್ನು ಪರೀಕ್ಷೆಯ ಮಾತು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಕಣ್ಣು ಕಿವಿ ಸಾಕು. ನಾಲ್ಕೂ ಗ್ಲಾಸು ಒಟ್ಟಿಗೆ ಮುಷ್ಕರ ಹೂಡಿದರೆ ನಾಲ್ಕು ಮೋಟರೂ ಒಂದೇ ದಿನ ಕೆಟ್ಟಿರಲಾರವು. ಮೊದಲು ಫ್ಯೂಸು, ರಿಲೇ ನೋಡಬೇಕು. ಚಾಲಕನ ಬಾಗಿಲಿನ ಗುಂಡಿಯಿಂದ ಮಾತ್ರ ಗ್ಲಾಸು ಆಡುತ್ತದೆ, ಹಿಂದೆ ಕೂತವರ ಗುಂಡಿಗೆ ಆಡುವುದಿಲ್ಲ ಎಂದರೆ ಕಿಟಕಿ ಲಾಕ್ ಗುಂಡಿ ಒತ್ತಿಹೋಗಿರಬಹುದು. ಮಗು ಆಟಕ್ಕೆ ಒತ್ತಿದ ಈ ಗುಂಡಿಯಿಂದಾಗಿ ಗ್ಯಾರೇಜಿನ ತನಕ ಬಂದ ಕಾರುಗಳೂ ಉಂಟು. ಅದು ಒತ್ತಿಲ್ಲದಿದ್ದರೆ ಆ ಬಾಗಿಲಿನ ಸ್ವಿಚ್ಚನ್ನು ಅನುಮಾನಿಸಬೇಕು.

ಒಂದೇ ಗ್ಲಾಸು ಕೈಕೊಟ್ಟಿದ್ದರೆ ಸಂಜೆ ಹೊತ್ತು ಎಂಜಿನ್ ಆರಿಸಿ, ಕೀಲಿ ಆನ್ ಇಟ್ಟು, ಒಳಗಿನ ದೀಪ ಹಚ್ಚಿ ಗುಂಡಿ ಒತ್ತಿ ನೋಡಬೇಕು. ದೀಪ ತುಸು ಮಂಕಾದರೆ ಮೋಟರಿಗೆ ಕರೆಂಟು ತಲುಪುತ್ತಿದೆ, ಎಲ್ಲೋ ಬಿಗಿದುಕೊಂಡಿದೆ ಎಂದರ್ಥ. ದೀಪ ಅಲುಗದೆ ಉರಿದರೆ ಕರೆಂಟೇ ಹೋಗುತ್ತಿಲ್ಲ; ತಪ್ಪು ಸ್ವಿಚ್ಚಿನಲ್ಲೋ, ಬಾಗಿಲಿನ ಕೀಲಿನ ಹತ್ತಿರ ರಬ್ಬರ್ ಕೊಳವೆಯೊಳಗೆ ಹಾದುಹೋಗುವ ವೈರಿನಲ್ಲೋ ಇರಬಹುದು. ಬಾಗಿಲು ತೆಗೆದು ಹಾಕಿದಾಗಲೆಲ್ಲ ಆ ವೈರು ಮಡಚಿಕೊಳ್ಳುತ್ತದೆ, ವರ್ಷಗಳು ಕಳೆದಂತೆ ಒಳಗಿನ ತಾಮ್ರ ತುಂಡಾಗುತ್ತದೆ. ಕಾರ್ಬನ್ ಬ್ರಷ್ ಸವೆದ ಮೋಟರಿನದು ಬೇರೆ ಲಕ್ಷಣ. ಗುಂಡಿ ಒತ್ತಿ ಹಿಡಿದು ಬಾಗಿಲ ಪ್ಯಾಡಿಗೆ ಅಂಗೈಯಿಂದ ಒಂದೆರಡು ಬಾರಿ ತಟ್ಟಿದರೆ ತಟ್ಟನೆ ಓಡುತ್ತದೆ, ಮಾರನೆಯ ದಿನ ಮತ್ತೆ ಮಲಗುತ್ತದೆ. ಇಂಥ ಮೋಟರಿನ ಬ್ರಷ್ಷಿಗೆ ಆಯಸ್ಸು ಮುಗಿದಿದೆ ಎಂದು ಧೈರ್ಯವಾಗಿ ಹೇಳಬಹುದು.

ಗ್ಲಾಸು ಅರ್ಧಕ್ಕೆ ಬಂದು ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಚಲಿಸುತ್ತದೆ ಎಂಬುದು ಬಹಳ ಜನರ ದೂರು. ಇದು ಮೋಟರಿನ ರೋಗವಲ್ಲ, ರಕ್ಷಣೆ. ಹೆಚ್ಚು ಬಿಸಿಯಾದಾಗ ಕರೆಂಟು ಕಡಿದು, ತಣಿದ ಮೇಲೆ ಮತ್ತೆ ಬಿಡುವ ಸಣ್ಣದೊಂದು ಭಾಗ ಬಹುತೇಕ ಮೋಟರುಗಳೊಳಗೆ ಇದೆ. ಮೋಟರು ಬಿಸಿಯಾಗುತ್ತಿರುವುದಾದರೂ ಏಕೆ? ಅಲ್ಲಿಯೇ ಇದೆ ಅಸಲಿ ವಿಷಯ. ಗ್ಲಾಸಿನ ಎರಡು ಅಂಚುಗಳು ಓಡಾಡುವ ಚಾನೆಲ್ ರಬ್ಬರು ದೂಳು ತಿಂದು, ಬಿಸಿಲಿಗೆ ಸೆಟೆದು, ಗ್ಲಾಸನ್ನು ಹಿಡಿದೆಳೆಯುತ್ತದೆ. ಸಲೀಸಾಗಿ ಏಳೆಂಟು ಆಂಪಿಯರಿನಲ್ಲಿ ಮುಗಿಯುವ ಕೆಲಸಕ್ಕೆ ಮೋಟರು ಅದರ ಎರಡರಷ್ಟು ಕರೆಂಟು ಹೀರಿ ಏದುಸಿರು ಬಿಡುತ್ತದೆ. ಕೆಲವು ಹಳೆಯ ಕಾರುಗಳಲ್ಲಿ ಇನ್ನೊಂದು ಪಳೆಯುಳಿಕೆಯೂ ಕಾಣುತ್ತದೆ. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟು ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ನಿಷೇಧಿಸಿದ ಮೇಲೆ ನಗರದ ತುಂಬ ಫಿಲ್ಮ್ ಕೀಳುವ ಕೆಲಸ ನಡೆಯಿತು. ಕಿತ್ತವರು ಅಂಚಿನ ಗೋಂದನ್ನು ಪೂರ್ತಿ ಒರೆಸದೆ ಬಿಟ್ಟಿದ್ದರೆ ಅದೂ ರಬ್ಬರಿಗೆ ಮೆತ್ತಿಕೊಂಡು ಎಳೆತ ಹೆಚ್ಚಿಸುತ್ತದೆ.

ಚಾನೆಲ್ಲನ್ನು ಹಾಗೇ ಬಿಟ್ಟು ಹೊಸ ಮೋಟರು ಕೂರಿಸಿದರೆ ಅದಕ್ಕೂ ಅದೇ ಗತಿ. ಆದ್ದರಿಂದ ಯಾವ ಮೋಟರು ಕೊಳ್ಳುವ ಮೊದಲೂ ಒದ್ದೆ ಬಟ್ಟೆ ಸುತ್ತಿದ ತೆಳು ಕಡ್ಡಿಯಿಂದ ಚಾನೆಲ್ ಒರೆಸಿ, ಒಣಗಿದ ಮೇಲೆ ಸಿಲಿಕಾನ್ ಸ್ಪ್ರೇ ಹೊಡೆದು ಒಂದು ವಾರ ನೋಡುವುದು ಜಾಣತನ. ಎಂಜಿನ್ ಎಣ್ಣೆ ಮಾತ್ರ ಬೇಡ. ಎಣ್ಣೆ ತಗುಲಿದ ರಬ್ಬರು ಉಬ್ಬುತ್ತದೆ, ಅದಕ್ಕೆ ದೂಳು ಇನ್ನಷ್ಟು ಅಂಟುತ್ತದೆ.

ಇಷ್ಟೆಲ್ಲ ನೋಡಿ, ಮೋಟರೇ ಹೋಗಿದೆ ಎಂದು ಖಾತ್ರಿಯಾದರೆ ಬಾಗಿಲು ಬಿಚ್ಚಬೇಕು. ಪರಿಚಿತ ಕೈಗೆ ಇದು ಒಂದೆರಡು ಗಂಟೆಯ ಕೆಲಸ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚುವುದರಿಂದ ಆರಂಭ. ಡೋರ್ ಪ್ಯಾಡಿನ ಸ್ಕ್ರೂಗಳು ಎದುರಿಗೆ ಕಾಣುವುದಿಲ್ಲ. ಒಂದು ಬಾಗಿಲು ತೆರೆಯುವ ಹಿಡಿಯ ಹಿಂದೆ, ಒಂದು ಕೈ ಹಾಕಿ ಎಳೆಯುವ ಗುಳಿಯ ತಳದಲ್ಲಿ, ಪುಟ್ಟ ಮುಚ್ಚಳದ ಕೆಳಗೆ ಅಡಗಿರುತ್ತವೆ. ಸ್ಕ್ರೂ ಒಂದು ಉಳಿದಿದ್ದರೂ ಗಮನಿಸದೆ ಪ್ಯಾಡು ಜಗ್ಗಿದರೆ ಪ್ಲಾಸ್ಟಿಕ್ ಸೀಳುತ್ತದೆ. ಸ್ಕ್ರೂ ಎಲ್ಲ ತೆಗೆದ ಮೇಲೆ ಅಂಚಿಗೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಮೀಟುತ್ತ ಹೋದರೆ ಟಪ್ ಟಪ್ ಎಂದು ಕ್ಲಿಪ್ಪುಗಳು ಬಿಡುತ್ತವೆ. ಒಂದೆರಡು ಕ್ಲಿಪ್ ಮುರಿಯುವುದು ಮಾಮೂಲು, ಜೆ.ಸಿ. ರಸ್ತೆಯಲ್ಲಿ ಅವು ಬಿಡಿಯಾಗಿ ಸಿಗುತ್ತವೆ. ಮುರಿದದ್ದನ್ನು ಬದಲಿಸದೆ ಪ್ಯಾಡು ಕೂರಿಸಿದರೆ ಆಮೇಲೆ ಪ್ರತಿ ಹಂಪಿನಲ್ಲೂ ಬಾಗಿಲು ಗಡಗಡ ಅನ್ನುತ್ತದೆ.

ಪ್ಯಾಡಿನ ಹಿಂದೆ ಕಪ್ಪು ಗೋಂದಿನಿಂದ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದನ್ನು ಹರಿಯದೆ ನಿಧಾನವಾಗಿ ಬಿಡಿಸಿದರೆ ಮೋಟರು, ಮಷೀನು ಎರಡೂ ಕಾಣಿಸುತ್ತವೆ. ಗ್ಲಾಸಿಗೆ ಮಷೀನನ್ನು ಸೇರಿಸುವ ಬೋಲ್ಟುಗಳನ್ನು ಬಿಚ್ಚಿ, ಗ್ಲಾಸನ್ನು ಕೈಯಲ್ಲಿ ಎತ್ತಿ, ಚೌಕಟ್ಟಿನ ಮೇಲಿನಿಂದ ಮಾಸ್ಕಿಂಗ್ ಟೇಪು ಹಾಯಿಸಿ ಬಿಗಿಯಾಗಿ ನಿಲ್ಲಿಸಬೇಕು. ಬಳಿಕ ವೈರಿನ ಕಪ್ಲರ್ ತೆಗೆದು, ಮಷೀನನ್ನು ಓರೆ ಮಾಡಿ ತಗಡಿನ ಕಿಂಡಿಯಿಂದ ಹೊರಗೆ ಎಳೆಯುವುದು. ಆ ತಗಡಿನ ಅಂಚು ಬ್ಲೇಡಿನಷ್ಟು ಹರಿತ. ಕೈಗವಸು ಇಲ್ಲದೆ ಕೈ ಹಾಕಬಾರದು. ಕತ್ತರಿ ತೋಳಿನ ಮಷೀನಿಗೆ ಸುರುಳಿ ಸ್ಪ್ರಿಂಗ್ ಇದ್ದರೆ ಇನ್ನೂ ಎಚ್ಚರ ಬೇಕು. ತೋಳನ್ನು ಕ್ಲಾಂಪಿನಿಂದ ಹಿಡಿದು ನಿಲ್ಲಿಸದೆ ಮೋಟರು ಬಿಚ್ಚಿದರೆ ಸ್ಪ್ರಿಂಗಿನ ಬಿಗಿತಕ್ಕೆ ತೋಳು ಬೀಸಿಬಂದು ಬೆರಳು ಜಜ್ಜುತ್ತದೆ. ಮನೆಯಲ್ಲೇ ಕೆಲಸಕ್ಕೆ ಇಳಿಯುವವರು ಈ ಒಂದು ಹಂತವನ್ನು ಬಲ್ಲವರ ಕೈಗೆ ಬಿಡುವುದು ಒಳ್ಳೆಯದು.

ಬಿಚ್ಚಿದ ಮೋಟರನ್ನು ಎಸೆಯುವ ಮೊದಲು ಒಮ್ಮೆ ತೆರೆದು ನೋಡಬೇಕು. ಅಮೆರಿಕದಲ್ಲಿ 1980, 90ರ ದಶಕದ ಹಲವು ಫೋರ್ಡ್ ಕಾರುಗಳಲ್ಲಿ ಹಲ್ಲುಚಕ್ರದ ಒಳಗೆ ಮೂರು ಪ್ಲಾಸ್ಟಿಕ್ ಗುಂಡುಗಳಿದ್ದವು. ಅವು ಪುಡಿಯಾದರೆ ಮೋಟರು ಗುಂಯ್‌ಗುಡುತ್ತಿತ್ತು, ಗ್ಲಾಸು ಕದಲುತ್ತಿರಲಿಲ್ಲ. ಅಲ್ಲಿನ ಜನ ಆ ಮೂರು ಗುಂಡುಗಳನ್ನಷ್ಟೇ ಕೊಂಡು ಹಾಕಿಕೊಂಡು, ಅದೇ ಮೋಟರನ್ನು ಮತ್ತೆ ಓಡಿಸಿದರು. ನಮ್ಮ ಹಳೆಯ ಆಟೋ ಎಲೆಕ್ಟ್ರಿಷಿಯನ್ನರಲ್ಲೂ ಈ ವಿದ್ಯೆ ಇದೆ. ಕಾರ್ಬನ್ ಬ್ರಷ್ ಬದಲಿಸಿ, ಮಸಿ ಹಿಡಿದ ಕಮ್ಯುಟೇಟರನ್ನು ನುಣುಪು ಎಮರಿ ಹಾಳೆಯಲ್ಲಿ ಉಜ್ಜಿ, ಗೇರಿಗೆ ಹೊಸ ಗ್ರೀಸು ತುಂಬಿದರೆ ಎಷ್ಟೋ ಮೋಟರುಗಳು ಎದ್ದು ಕೂರುತ್ತವೆ. ಬಿಡಿಭಾಗ ಬರುವುದೇ ನಿಂತುಹೋದ ಹಳೆಯ ಮಾದರಿಗಳಿಗೆ ಈ ಕೈಗಳೇ ಗತಿ. ಹೊಸ ಡಬ್ಬಿ ಒಡೆದು ಕೂರಿಸುವುದನ್ನು ಮಾತ್ರ ಕಲಿತ ತಲೆಮಾರಿಗೆ ಈ ಕಸುಬು ದಾಟದೆ ಹೋದರೆ ನಷ್ಟ ನಗರದ್ದು.

ಹೊಸದೇ ಬೇಕಾದರೆ ಮೂರು ದಾರಿಗಳಿವೆ. ಮಾರುತಿ ಜೆನ್ಯೂಯಿನ್ ಪಾರ್ಟ್ಸ್, ಹ್ಯುಂಡೈ ಕಾರುಗಳಿಗೆ ಮೋಬಿಸ್ ಎಂಬಂಥ ಕಂಪನಿ ಮುದ್ರೆಯ ಒರಿಜಿನಲ್ ಮಾಲು; ಬೇರೆ ತಯಾರಕರ, ಪೇಟೆಯಲ್ಲಿ ‘ಲೋಕಲ್’ ಎನ್ನಿಸಿಕೊಳ್ಳುವ ಅಗ್ಗದ ಮಾಲು; ಗುಜರಿ ಕಾರಿನಿಂದ ಬಿಚ್ಚಿದ ಸೆಕೆಂಡ್ ಹ್ಯಾಂಡ್. ಮೂರನೆಯದನ್ನು ತಳ್ಳಿಹಾಕಬೇಕಿಲ್ಲ. ಅಪಘಾತದಲ್ಲಿ ಮುಂಭಾಗ ಜಜ್ಜಿಹೋದ ಕಾರಿನ ಹಿಂದಿನ ಬಾಗಿಲಿನ ಮೋಟರು ಹೆಚ್ಚು ಓಡಿರುವುದಿಲ್ಲ. ಕೌಂಟರಿನ ಮೇಲೆಯೇ ಬ್ಯಾಟರಿಗೆ ಮುಟ್ಟಿಸಿ ಎರಡೂ ದಿಕ್ಕಿಗೆ ತಿರುಗಿಸಿ ತೋರಿಸಿ ಎಂದು ಕೇಳುವುದು ಗಿರಾಕಿಯ ಹಕ್ಕು. ಎಡ ಬಲದ ಮೋಟರುಗಳು ಸಾಮಾನ್ಯವಾಗಿ ಕನ್ನಡಿಯ ಪ್ರತಿಬಿಂಬದಂತೆ ತದ್ವಿರುದ್ಧ, ಒಂದು ಕಡೆಯದು ಇನ್ನೊಂದಕ್ಕೆ ಕೂಡದು. ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗುವುದು ಎಲ್ಲಕ್ಕಿಂತ ಸುರಕ್ಷಿತ.

ಎರಡು ಪಿನ್ನೋ ಆರು ಪಿನ್ನೋ ಎಂಬ ಪ್ರಶ್ನೆ ಮಕ್ಕಳ ಸುರಕ್ಷತೆಗೆ ಸಂಬಂಧಿಸಿದ್ದು. ಎರಡು ಪಿನ್ನಿನದು ಬರೀ ಮೋಟರು. ಆರು ಪಿನ್ನಿನದರಲ್ಲಿ ಸಾಮಾನ್ಯವಾಗಿ ಸುತ್ತುಗಳನ್ನು ಎಣಿಸುವ ಸಂವೇದಕವಿರುತ್ತದೆ. ಒಂದೇ ಒತ್ತಿಗೆ ತಾನಾಗಿ ಮೇಲೇರುವ ಗ್ಲಾಸಿಗೆ ಮಗುವಿನ ಕೈಯೋ ಕತ್ತೋ ಅಡ್ಡ ಬಂದರೆ ಅದು ತಿಳಿದುಕೊಂಡು ಕೆಳಗೆ ಇಳಿಯುತ್ತದೆ. ಅಡ್ಡ ಬಂದದ್ದರ ಮೇಲೆ 100 ನ್ಯೂಟನ್, ಅಂದರೆ ಸುಮಾರು 10 ಕಿಲೋ ಭಾರಕ್ಕಿಂತ ಹೆಚ್ಚು ಒತ್ತಡ ಬೀಳುವ ಮೊದಲೇ ಹಿಂದೆ ಸರಿಯಬೇಕೆಂಬುದು ಯುರೋಪಿನ ನಿಯಮ. ಈ ಬಗೆಯ ಮೋಟರು ಬದಲಿಸಿದ ಮೇಲೆ ಗ್ಲಾಸನ್ನು ಪೂರ್ತಿ ಇಳಿಸಿ, ಪೂರ್ತಿ ಏರಿಸಿ, ಗುಂಡಿಯನ್ನು ಕೆಲವು ಸೆಕೆಂಡು ಹಿಡಿದು ಅದಕ್ಕೆ ಮೇಲು ಕೆಳಗಿನ ಗಡಿಯನ್ನು ಕಲಿಸಬೇಕಾಗುತ್ತದೆ. ನಿಖರ ಕ್ರಮ ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ. ಸಾಮಾನ್ಯ ಬಾಗಿಲುಗಳಲ್ಲಿ ಈ ರಕ್ಷಣೆ ಇರುವುದೇ ಇಲ್ಲ. ಹಿಂದೆ ಮಕ್ಕಳಿದ್ದಾಗ ಕಿಟಕಿ ಲಾಕ್ ಗುಂಡಿ ಒತ್ತಿಡುವುದೇ ಅಲ್ಲಿ ಉಪಾಯ.

ಮತ್ತೆ ಜೋಡಿಸುವಾಗ ಅವಸರದ ಮೆಕ್ಯಾನಿಕ್ಕುಗಳು ಉದಾಸೀನ ಮಾಡುವುದು ಆ ಪ್ಲಾಸ್ಟಿಕ್ ಹಾಳೆಯನ್ನು. ಅದು ದೂಳಿನ ಪರದೆ ಎಂದುಕೊಂಡವರೇ ಹೆಚ್ಚು. ನಿಜದಲ್ಲಿ ಬಾಗಿಲೊಳಕ್ಕೆ ಮಳೆನೀರು ಇಳಿಯುವುದು ಸಹಜ. ಗ್ಲಾಸಿನ ಬುಡದ ರಬ್ಬರು ಅದನ್ನು ಪೂರ್ತಿ ತಡೆಯುವುದಿಲ್ಲ, ತಡೆಯಲೆಂದು ಮಾಡಿದ್ದೂ ಅಲ್ಲ. ಇಳಿದ ನೀರು ತಳದ ರಂಧ್ರಗಳಿಂದ ಹೊರಗೆ ಹೋಗಬೇಕು. ನೀರು ಕ್ಯಾಬಿನ್ನಿನ ಕಡೆ ಚಿಮ್ಮದಂತೆ ತಡೆಯುವುದು ಈ ಹಾಳೆ. ಅದನ್ನು ಹರಿದು ಬಿಸಾಡಿದರೆ ಮುಂದಿನ ಮಳೆಗಾಲದಲ್ಲಿ ಕಾಲ ಕೆಳಗಿನ ಕಾರ್ಪೆಟ್ಟು ಒದ್ದೆಯಾಗುತ್ತದೆ, ಮುಗ್ಗಲು ವಾಸನೆ ಬರುತ್ತದೆ, ಸ್ಪೀಕರು ಕೆಡುತ್ತದೆ. ಕಾರಣ ಯಾರಿಗೂ ಹೊಳೆಯುವುದಿಲ್ಲ. ತಳದ ರಂಧ್ರಗಳನ್ನು ತೆಳು ಕಡ್ಡಿಯಿಂದ ಬಿಡಿಸುವುದಕ್ಕೂ ಬಾಗಿಲು ಬಿಚ್ಚಿರುವ ಆ ಹೊತ್ತೇ ಸಕಾಲ.

ಕೆಟ್ಟ ಗ್ಲಾಸನ್ನು ‘ಇರಲಿ ಬಿಡು, ಎ.ಸಿ. ಇದೆಯಲ್ಲ’ ಎಂದು ಮುಂದೂಡುವವರು 2023ರ ಮೇ 21ನ್ನು ನೆನೆಯಬೇಕು. ಆ ಭಾನುವಾರದ ಮಳೆಗೆ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ನಿಂತ ನೀರಿನಲ್ಲಿ ಕಾರೊಂದು ಮುಳುಗಿ 22 ವರ್ಷದ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ನಗರದ ನಟ್ಟನಡುವೆ, ವಿಧಾನಸೌಧದ ಹತ್ತಿರದಲ್ಲೇ ನಡೆದ ಸಾವು ಅದು. ನೀರು ಏರಿದಾಗ ಹೊರಗಿನ ಒತ್ತಡಕ್ಕೆ ಬಾಗಿಲು ತೆರೆಯಲು ಬರುವುದಿಲ್ಲ; ಕಿಟಕಿಯೇ ದಾರಿ. ನೀರು ವೈರಿಂಗಿಗೆ ತಲುಪಿದರೆ ಪವರ್ ವಿಂಡೋ ಕೂಡ ಯಾವಾಗ ಬೇಕಾದರೂ ನಿಲ್ಲಬಹುದು. ಆದ್ದರಿಂದ ಕಾರು ನೀರಿನಲ್ಲಿ ಸಿಕ್ಕಿದ ಕೂಡಲೇ ಬೇರೇನೂ ಯೋಚಿಸದೆ ಗ್ಲಾಸು ಇಳಿಸಬೇಕು. ಇಳಿಯದಿದ್ದರೆ ಪಕ್ಕದ ಗ್ಲಾಸಿನ ಮೂಲೆಗೆ ಚೂಪು ಸುತ್ತಿಗೆಯಿಂದ ಹೊಡೆದು ಒಡೆಯಬೇಕು. ಮುಂದಿನ ದೊಡ್ಡ ಗಾಜು ಎರಡು ಪದರದ್ದು, ಅದರ ಮೇಲೆ ಶಕ್ತಿ ವ್ಯಯಿಸಬಾರದು. ಅಂಥ ಸುತ್ತಿಗೆ ಡಿಕ್ಕಿಯಲ್ಲಿದ್ದರೆ ಪ್ರಯೋಜನವಿಲ್ಲ, ಚಾಲಕನ ಕೈಗೆ ಎಟುಕುವಂತಿರಬೇಕು.

ಖರ್ಚಿನ ವಿಚಾರದಲ್ಲಿ ಒಂದು ಮಾತು. ಸಾಮಾನ್ಯ ಮೋಟಾರು ವಿಮೆ ಸವೆತವನ್ನಾಗಲಿ, ತಾನಾಗಿ ಕೆಟ್ಟ ಯಂತ್ರಭಾಗವನ್ನಾಗಲಿ ತುಂಬಿಕೊಡುವುದಿಲ್ಲ, ಹಣ ಕೈಯಿಂದಲೇ ಹೋಗುತ್ತದೆ. ಮೋಟರು ಮಾತ್ರ ಕೆಟ್ಟಿದ್ದರೂ ಪೂರ್ತಿ ಮಷೀನನ್ನೇ ಬದಲಿಸಬೇಕೆಂದು ಗ್ಯಾರೇಜು ಹೇಳಿದರೆ ಕಾರಣ ಕೇಳಿ, ಬಿಡಿಯಾಗಿ ಸಿಗುತ್ತದೆಯೇ ಎಂದು ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ ಒಪ್ಪಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಪೋರ್ಟಲ್ ತೆರೆದಾಗ ಕೃಷಿ ಯಂತ್ರ, ಮೊಬೈಲು, ಮನೆಬಳಕೆಯ ಯಂತ್ರಗಳ ಜೊತೆಗೆ ವಾಹನಗಳನ್ನೂ ಸೇರಿಸಿತು. ಕೆಟ್ಟಷ್ಟನ್ನೇ ಬದಲಿಸಿಕೊಳ್ಳುವುದು ಬಳಕೆದಾರರ ಹಕ್ಕು ಎಂಬ ಮಾತಿಗೆ ಈಗ ಸರ್ಕಾರದ ಬೆಂಬಲವೂ ಇದೆ. ಹಳೆಯ ಮೋಟರನ್ನು ಕೇಳಿ ಪಡೆಯಿರಿ, ಬಿಲ್ಲಿನಲ್ಲಿ ಪಾರ್ಟ್ ನಂಬರ್ ಬರೆಸಿಕೊಳ್ಳಿ. ಮೇ ತಿಂಗಳ ಸಂಜೆ ಮಳೆಗಳು ಶುರುವಾಗುವ ಮುನ್ನ, ಏಪ್ರಿಲಿನಲ್ಲೇ ಒಂದು ಬೆಳಗ್ಗೆ ನಾಲ್ಕೂ ಗ್ಲಾಸನ್ನು ಪೂರ್ತಿ ಇಳಿಸಿ ಏರಿಸಿ ನೋಡಿ. ಒಂದು ನಿಧಾನವಾದರೂ ಅದೇ ವಾರ ಚಾನೆಲ್ ಒರೆಸಿ. ಅದರಿಂದ ಸರಿಹೋಗದಿದ್ದರೆ ಬಾಗಿಲು ಬಿಚ್ಚಿಸಿ.